ನಾಲ್ಕು ಕಾಲೇಜಿನ ಒಂದೇ ಅರ್ಜಿ

ಆ ಒಂದು ಸಾಲನ್ನು ಬೇರೆ ಯಾರಾದರೂ ಬರೆದಿದ್ದರೆ ಯಾಮಿನಿ ಮೇಡಂ ಬಾಯಿತುಂಬ ಬೈದು ಹಗುರಾಗುತ್ತಿದ್ದರು. ಬರೆದದ್ದು ತಾವೇ. ಇನ್ನು ಯಾರನ್ನು ಬೈಯುವುದು?

ಶಿಡ್ಲಘಟ್ಟದ ಅಕ್ಕಯ್ಯಮ್ಮ ಟ್ರಸ್ಟಿನ ಹೆಣ್ಣುಮಕ್ಕಳ ಕಾಲೇಜಿಗೆ ಅವರು ಪ್ರಿನ್ಸಿಪಾಲರು. ಹದಿನೈದು ಮಕ್ಕಳಿಲ್ಲದ ಕೋರ್ಸು ಮುಚ್ಚಿ ಎಂದು ವಿಶ್ವವಿದ್ಯಾಲಯದ ಸುತ್ತೋಲೆ ಬಂದಾಗ ಇವರ ಬಿ.ಎಸ್ಸಿ.ಯಲ್ಲಿ ಇದ್ದದ್ದು ಹನ್ನೊಂದು ಹುಡುಗಿಯರು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಟ್ರಸ್ಟ್ ಕಾಲೇಜುಗಳದ್ದೂ ಇದೇ ಗೋಳು. ಲಾಭಕ್ಕೆ ನಿಂತವರಲ್ಲ, ಬೆನ್ನಿಗೆ ದೊಡ್ಡ ಮನುಷ್ಯರೂ ಇಲ್ಲ. ಒಬ್ಬೊಬ್ಬರೇ ಹೋದರೆ ಆಫೀಸಿನ ಬಾಗಿಲಲ್ಲೇ ಕಾಯಿಸುತ್ತಾರೆಂದು ನಾಲ್ಕು ಕಾಲೇಜಿನ ಮುಖ್ಯಸ್ಥರೂ ಕೈವಾರದ ಛತ್ರದಲ್ಲಿ ಸೇರಿ ಒಕ್ಕೂಟ ಕಟ್ಟಿದರು. ನಾಲ್ಕು ಸೀಲು ಬೀಳದೆ ಕಾಗದ ಹೊರಡಬಾರದು, ಯಾರೂ ಒಬ್ಬರೇ ಹೋಗಬಾರದು ಎಂಬ ಕಟ್ಟಳೆಯನ್ನು ಹಾಕಿಸಿದ್ದೂ ಮೇಡಮ್ಮನೇ.

ನಮ್ಮ ಮಕ್ಕಳನ್ನು ಒಟ್ಟಿಗೆ ಎಣಿಸಿ, ಅವರವರ ಊರಲ್ಲೇ ಕೋರ್ಸು ಉಳಿಸಿ ಎಂಬುದು ಅರ್ಜಿ. ಬರೀ ಬೇಡಿಕೆ ಇಟ್ಟರೆ ಹಟಮಾರಿಗಳು ಅಂದಾರೆಂದು ಮೇಡಂ ಕೊನೆಗೆ ಸೇರಿಸಿದರು: 'ಅಗತ್ಯವಿದ್ದಲ್ಲಿ ವಿದ್ಯಾರ್ಥಿಗಳನ್ನು ಪರಸ್ಪರ ಹಂಚಿಕೊಳ್ಳಲು ಸಿದ್ಧರಿದ್ದೇವೆ.' ಆಹಾ ಎಂದು ಮೂವರೂ ತಲೆದೂಗಿ ಸೀಲು ಒತ್ತಿದರು.

ಅರ್ಜಿ ಮಂಜೂರಾಯಿತು! ಗೌರಿಬಿದನೂರಿನ ಬಿ.ಕಾಂ. ಉಳಿಯಿತು, ಚಿಕ್ಕಬಳ್ಳಾಪುರದ ಬಿ.ಸಿ.ಎ. ಉಳಿಯಿತು. ಬಿ.ಎಸ್ಸಿ. ಮಾತ್ರ ಇನ್ನು ಚಿಂತಾಮಣಿಯಲ್ಲಿ. ಶಿಡ್ಲಘಟ್ಟದ ಹನ್ನೊಂದು ಮಂದಿಯೂ ಅಲ್ಲಿಗೆ ಹೋಗತಕ್ಕದ್ದು. ಆಧಾರವಾಗಿ ಆ ಸಾಲನ್ನೇ ಎತ್ತಿ ಬರೆದಿದ್ದರು ಪುಣ್ಯಾತ್ಮರು.

ಮೇಡಂ ಚಿಂತಾಮಣಿ ಕಾಲೇಜಿನ ಕಾರ್ಯದರ್ಶಿ ಚನ್ನಕೇಶವರಿಗೆ ಫೋನು ಹಚ್ಚಿದರು. "ಸಾರ್, ಇನ್ನೊಂದು ಅರ್ಜಿ ಹಾಕೋಣ."

"ಹಾಕಣ ಮೇಡಂ. ಆದ್ರೆ ಫೈಲು ಮತ್ತೆ ಬಿಚ್ಚಿದ್ರೆ ನಮ್ದೂ ಹೋಗುತ್ತೆ, ಸೀಲ್ ಒತ್ತಲ್ಲ ಅಂತಾವ್ರೆ ಗೌರಿಬಿದನೂರು, ಚಿಕ್ಕಬಳ್ಳಾಪುರದೋರು. ನನ್ಹತ್ರ ಇರೋದೂ ಒಂಬತ್ತೇ ಮಕ್ಳು. ನಿಮ್ಮ ಮಕ್ಳು ಬರ್ದೇ ಹೋದ್ರೆ ನಂದೂ ಕ್ಲೋಸು. ಏನ್ ಮಾಡ್ಲಿ ಹೇಳಿ?"

"ನಾನೊಬ್ಬಳೇ ಹೋಗಿ ಬರ್ಲಾ?"

"ಒಬ್ರೇ ಹೋಗ್ಬಾರ್ದು ಅಂದೋರು ನೀವೇ ಅಲ್ವಾ ಮೇಡಂ?"

ಆ ಮನುಷ್ಯ ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಪಾಪ, ವ್ಯಾನ್ ಬೇರೆ ಕಳಿಸುತ್ತೇನೆ ಎಂದರು.

ಮೇಡಂ ಮನೆಮನೆಗೆ ಅಲೆದರು. ತರಗತಿಯಲ್ಲಿ ಎಲ್ಲರಿಗಿಂತ ಜಾಣೆ ರೂಬಿ. ಅವಳ ತಾಯಿ ಮೆಹಬೂಬ್ ಬೀ ಬಿಸಿನೀರಿನಿಂದ ರೇಷ್ಮೆಗೂಡು ಎತ್ತುತ್ತ, ನೂಲು ಬಿಚ್ಚುತ್ತಲೇ ಮಾತಾಡಿದಳು. "ಹೆಣ್ಮಕ್ಳ ಕಾಲೇಜು, ಮನೆ ಹತ್ರ, ಅದ್ಕೇ ಮೇಡಮ್ಮ, ಇವಳಪ್ಪ ಹೂಂ ಅಂದಿದ್ದು. ಒಂದು ಗಂಟೆಗೆ ಬಂದು ನನ್ ಜೊತೆ ಕೆಲಸಕ್ಕೆ ಕೂರ್ತಾಳೆ. ಚಿಂತಾಮಣಿಗೆ ಹೋದ್ರೆ ಬರೋದು ಸಂಜೆ. ಹೆಂಗಾಗುತ್ತೆ ನೀವೇ ಹೇಳಿ." ಮೇಡಂ ವ್ಯಾನಿನ ಮಾತೆತ್ತಿದರು. ವ್ಯಾನ್ ಬಂದರೆ ಗೂಡು ಯಾರು ಬಿಚ್ಚುತ್ತಾರೆ ಎಂದು ಅವಳು ಕೇಳಿದ ಮೇಲೆ ಎದ್ದು ಮುಂದಿನ ಮನೆಗೆ ಹೊರಟರು.

ಹನ್ನೊಂದರಲ್ಲಿ ಇಬ್ಬರು ಒಪ್ಪಿದರು. ಒಂಬತ್ತಕ್ಕೆ ಎರಡು ಸೇರಿದರೆ ಎಷ್ಟಾಗುತ್ತದೆಂದು ವಿಶ್ವವಿದ್ಯಾಲಯಕ್ಕೂ ಗೊತ್ತಿತ್ತು. ತಿಂಗಳೊಳಗೆ ಚಿಂತಾಮಣಿಯ ಬಿ.ಎಸ್ಸಿ.ಗೂ ಬಾಗಿಲು ಬಿತ್ತು. "ಆಯ್ತು ಬಿಡಿ ಮೇಡಂ" ಎಂದಷ್ಟೇ ಹೇಳಿ ಚನ್ನಕೇಶವ ಫೋನಿಟ್ಟರು. ಅವರು ಕೂಗಾಡಿದ್ದರೂ ಮೇಡಮ್ಮನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹುಡುಗಿಯರನ್ನು ತಮ್ಮಲ್ಲೇ ಬಿ.ಎ.ಗೆ ಸೇರಿಸಿಕೊಳ್ಳೋಣವೆಂದರೆ ದಿನಾಂಕ ಮುಗಿದಿತ್ತು. ರೂಬಿ ತನ್ನ ಪಿಯುಸಿ ಅಂಕಪಟ್ಟಿ ವಾಪಸು ಕೇಳಲು ಬಂದಳು. ಮೇಡಂ ತಾವೇ ಬೀರುವಿನಿಂದ ತೆಗೆದು ಕೊಟ್ಟರು.

"ನಿನಗೋಸ್ಕರ ನಾವು ನಾಲ್ಕು ಜನ ಎಷ್ಟು ಓಡಾಡಿದ್ವಿ ಗೊತ್ತೇನಮ್ಮ?" ಎಂದರು.

"ಗೊತ್ತು ಮೇಡಂ" ಎಂದಳು ಹುಡುಗಿ. ಸಿಟ್ಟೇನೂ ಇರಲಿಲ್ಲ. "ಬರೆಯೋ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ರೆ, ಮನೇಲಿ ಚಿಂತಾಮಣಿಗೆ ಕಳ್ಸಲ್ಲ ಅಂತ ಆವತ್ತೇ ಹೇಳ್ತಿದ್ವಿ."