ಎಡಗಡೆ ಇಟ್ಟ ಪೆಟ್ಟಿಗೆ

ಆ ಲಾಂಡ್ರಿಯ ಮೇಜಿಗೆ ಎರಡು ಕಡೆ. ಎಡಗಡೆ ಇಟ್ಟದ್ದು ಒಗೆಯುವುದಕ್ಕೆ, ಬಲಗಡೆ ಇಟ್ಟದ್ದು ಒಯ್ಯುವುದಕ್ಕೆ. ಗಿರಾಕಿಗಳಿಗೂ ಇದು ಗೊತ್ತು, ಮನೆಯವರಿಗಂತೂ ಹಾಲು ಕುಡಿಯುವ ಕಾಲದಿಂದ ಗೊತ್ತು. ಹೆಣ್ಣುಮಕ್ಕಳಿಬ್ಬರೂ ಶಾಲೆಗೆ ಹೋಗುವಾಗ ಅಂಗಿಗೆ ಮಸಿ ಚೆಲ್ಲಿಕೊಂಡು ಬಂದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದನ್ನು ಎಡಗಡೆ ತಳ್ಳಿ ಒಳಗೆ ಓಡಿಬಿಡುತ್ತಿದ್ದರು. ದೊಡ್ಡವಳು ಮೊದಲ ಸಲ ಮುಟ್ಟಾದಾಗಲೂ ಹಾಗೆಯೇ, ಲಂಗವನ್ನು ಸಣ್ಣಗೆ ಮಡಚಿ ಎಡಗಡೆ ಇಟ್ಟು ಗೋಡೆಯ ಕಡೆ ತಿರುಗಿ ನಿಂತಿದ್ದಳು. ತಾಯಿ ಏನೂ ಕೇಳದೆ ತಣ್ಣೀರಲ್ಲಿ ನೆನೆ ಹಾಕಿದ್ದಳು. ಬಾಯಿಗೆ ಬಾರದ್ದನ್ನು ಆ ಮನೆಯವರು ಎಡಗಡೆ ಇಡುತ್ತಿದ್ದರು ಎನ್ನಿ.

ತಾಯಿಯನ್ನು ಬೀದಿಯವರೆಲ್ಲ ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಹಂಡೆಯ ಕೋಣೆ, ಮಹಡಿಯಲ್ಲಿ ಎರಡು ರೂಮು, ಅದರ ಮೇಲೆ ಬಟ್ಟೆ ಒಣಹಾಕುವ ತಾರಸಿ. ಗಂಡ ತೀರಿಕೊಂಡ ಮೇಲೂ ಅವಳು ಅಂಗಡಿ ನಡೆಸಿಕೊಂಡೇ ಬಂದಿದ್ದಳು. ಬೆರಳ ತುದಿಗಳು ಸದಾ ನೀರಲ್ಲಿ ನೆಂದು ಸುಕ್ಕುಗಟ್ಟಿಯೇ ಇರುತ್ತಿದ್ದವು. ಎಂಥ ಕಲೆಯನ್ನಾದರೂ ಕೊಡಿ, ಮೂಸಿ ನೋಡಿ, ಉಗುರಿನಿಂದ ಕೆರೆದು, ಇದು ಚಹಾ, ಇದು ತುಕ್ಕು, ಇದು ಹೆಂಡತಿಗೆ ಸುಳ್ಳು ಹೇಳಿದ ಗಂಡಸಿನದು ಎಂದುಬಿಡುವಳು.

ದೊಡ್ಡ ಮಗಳು ಈ ಮನೆಯ ಮೆಟ್ಟಿಲು ತುಳಿದು ಎರಡು ವರ್ಷದ ಮೇಲಾಗಿತ್ತು. ಅವಳಿಗೊಂದು ಹೆಣ್ಣು ಮಗುವಿತ್ತು. ಹುಟ್ಟಿದಾಗ ಒಂದೇ ತಂತಿಯ ಮೇಲೆ ಸಣ್ಣಗೆ ಕುಯ್ಯೋ ಎಂದು ಅಳುತ್ತಿತ್ತೆಂದು ಲಾಂಡ್ರಿಯಮ್ಮನೇ ಅದಕ್ಕೆ ಪಿಟೀಲು ಎಂದು ಹೆಸರು ಕಟ್ಟಿದ್ದಳು. ತಾರಸಿಯಲ್ಲಿ ಒಣಗುವ ದುಪ್ಪಟಿಗಳ ಹಿಂದೆ ಅಡಗಿಕೊಂಡು, "ಅಜ್ಜೀ, ನಾನಿಲ್ಲ" ಎಂದು ತಾನೇ ಕೂಗುತ್ತಿದ್ದ ಮಗು. ನಾಲ್ಕು ತುಂಬುವ ಮೊದಲೇ ಜ್ವರ ಬಂತು, ಇಳಿಯಲಿಲ್ಲ. ಆಮೇಲೆ ದೊಡ್ಡವಳಿಗೆ ಒಗೆದು ಹರವಿದ ದುಪ್ಪಟಿ ಕಂಡರಾಗದು. ಗಂಡ ದೂರದಲ್ಲೆಲ್ಲೋ ಕೆಲಸ ಹಿಡಿದು ಅಲ್ಲೇ ಉಳಿದ. ಇವಳು ಕೊಡೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತು, ಬಾಡಿಗೆ ರೂಮಿಗೆ ಬಂದು ಬಿದ್ದುಕೊಂಡು, ದಿನ ದೂಡುತ್ತಿದ್ದಳು.

ಈಗ ಚಿಕ್ಕ ಮಗಳು ಗಂಡು ಹೆತ್ತು, ಮೈ ಸರಿಹೋಗುವವರೆಗೆಂದು ತಾಯಿಯ ಬಳಿ ಬಂದಿದ್ದಳು. ಮಗುವನ್ನು ನೋಡುವ ನೆಪದಲ್ಲಾದರೂ ದೊಡ್ಡವಳು ಒಮ್ಮೆ ಬರಲಿ, ಬಂದವಳಿಗೆ ಮತ್ತೆ ಬರಬೇಕು ಅನ್ನಿಸಲಿ. ಲಾಂಡ್ರಿಯಮ್ಮನಿಗೆ ಇದ್ದದ್ದು ಇದೊಂದೇ ಆಸೆ. ಬೀದಿಯ ತಿರುವಿನಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಕತ್ತು ಉದ್ದ ಮಾಡುತ್ತಿದ್ದಳು.

ಒಂದು ರಜಾದಿನ ಬೆಳಿಗ್ಗೆ ದೊಡ್ಡವಳು ಬಂದೇಬಿಟ್ಟಳು. ಎರಡೂ ಕೈಯಲ್ಲಿ ಅವುಚಿ ಹಿಡಿದ ರಟ್ಟಿನ ಪೆಟ್ಟಿಗೆ.

"ಎಲ್ಲೇ ಅವನು, ಹೊಸ ಗಿರಾಕಿ?" ಎಂದಳು ಬಾಗಿಲಲ್ಲೇ ನಿಂತು.

ಅಂಗಡಿಯ ಕುರ್ಚಿಯಲ್ಲಿ ಎಳೆಬಿಸಿಲಿಗೆ ಕೂತಿದ್ದ ಚಿಕ್ಕವಳು ಮಗುವನ್ನು ಮುಂದಕ್ಕೆ ಚಾಚಿದಳು. "ಇಲ್ಲಿದ್ದಾನೆ ಬಾ ಅಕ್ಕ. ದಿನವೆಲ್ಲ ಎಡಗಡೆಗೆ ಮಾಲು ಕೊಡೋದೇ ಇವನ ಕೆಲಸ."

"ಅಜ್ಜಿ ಅಂಗಡಿ ನಡೀಬೇಕಲ್ಲ, ಪಾಪ."

ದೊಡ್ಡವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಮಗುವನ್ನು ಎತ್ತಿಕೊಂಡಳು. ಬಹಳ ಹೊತ್ತು ಅದರ ಮುಖವನ್ನೇ ನೋಡಿದಳು. ತಾಯಿ, ತಂಗಿ ಇಬ್ಬರೂ ಕಾದು ನಿಂತರು. ಅವಳೇನೂ ಅಳಲಿಲ್ಲ.

"ಪೆಟ್ಟಿಗೇಲಿ ಪಿಟೀಲಿನ ಆಟದ ಸಾಮಾನಿದೆ," ಎಂದಳು. "ಕತ್ತಲಲ್ಲಿ ಮುಚ್ಚಿಟ್ಟು ಏನ್ ಮಾಡ್ಲಿ? ಇವನೂ ಆಡ್ಲಿ. ಆಮೇಲೆ ತೋರಿಸ್ತೀನಿ, ಒಂದೊಂದೇ. ನಾನೂ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ."

ಆಗಾಗ ಬಂದು ಎಂದಳಲ್ಲ, ಲಾಂಡ್ರಿಯಮ್ಮನಿಗೆ ಅಷ್ಟೇ ಕೇಳಿಸಿದ್ದು. ಹೊಟ್ಟೆ ತಣ್ಣಗಾಯಿತು.

ಊಟ ಮುಗಿಸಿ ದೊಡ್ಡವಳು ಮಹಡಿಯಲ್ಲಿ ಮಗುವಿನ ಪಕ್ಕ ಹಾಗೇ ಒರಗಿದವಳು ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಎಷ್ಟೋ ಕಾಲದ ನಿದ್ದೆ ಬಾಕಿ ಇದ್ದವಳಂತೆ. ಚಿಕ್ಕವಳು ಸದ್ದಿಲ್ಲದೆ ಕೆಳಗಿಳಿದು ಬಂದು ತಾಯಿಯ ಸೆರಗು ಜಗ್ಗಿದಳು.

"ಅಮ್ಮ, ಆ ಪೆಟ್ಟಿಗೆ ತೆಗೆದು ನೋಡ್ದೆ, ಸೊಟ್ಟಮೂತಿ ಗೊಂಬೆ ಇದಾಳೆ. ಪಿಟೀಲು ಜ್ವರದಲ್ಲಿ ತಬ್ಬಿಕೊಂಡು ಮಲಗಿದ್ದು ಅವಳನ್ನೇ."

"ಅದಕ್ಕೆ?"

"ಅದಕ್ಕೆ ಅಂದ್ರೆ? ನಂದು ಹಸಿ ಕೂಸು. ಕುದಿಸಿಬಿಡು ಅಮ್ಮ, ಅವಳು ಏಳೋದ್ರೊಳಗೆ."

"ಬಾಯಿ ಮುಚ್ಚು. ಅಕ್ಕನ ಕಿವಿಗೆ ಬಿದ್ರೆ ಏನಾಗುತ್ತೆ ಗೊತ್ತಾ?"

"ಬೀಳಬಾರದು ಅಂತಾನೇ ನಿನ್ನ ಹತ್ರ ಹೇಳ್ತಿರೋದು." ಚಿಕ್ಕವಳ ಕಣ್ಣು ತುಂಬಿ ಬಂದಿತ್ತು. "ನಾನು ಕೆಟ್ಟವಳಲ್ಲಮ್ಮ. ನನಗೆ ಹೆದರಿಕೆ ಆಗುತ್ತೆ."

ಅವಳನ್ನು ಗದರಿ ಮೇಲಕ್ಕೆ ಕಳಿಸಿ ಲಾಂಡ್ರಿಯಮ್ಮ ಮೇಜಿನತ್ತ ತಿರುಗಿದಳು. ಕೇಳದೆ ಮುಟ್ಟಬಾರದು ಎಂದೇ ಅಂದುಕೊಂಡಿದ್ದಳು. ಆದರೆ ಪೆಟ್ಟಿಗೆ ಎಡಗಡೆ ಇತ್ತು. ಸರಿಯಾಗಿ ಎಡಗಡೆ, ಯಾವಾಗಲೂ ಇಡುವ ಜಾಗದಲ್ಲೇ. ಎರಡು ವರ್ಷ ತನ್ನ ಕೈಯಿಂದ ತೊಳೆಯಲಾಗದ್ದನ್ನು ಮಗಳು ತಾಯಿಯ ಬಳಿ ತಂದಿದ್ದಾಳೆ. ಬಾಯಲ್ಲಿ ಹೇಳಲಾರದೆ ಇಲ್ಲಿಟ್ಟಿದ್ದಾಳೆ. ಲಂಗ ಇಟ್ಟ ಹುಡುಗಿಯೇ ಅಲ್ಲವೇ ಇವಳು! ತಾನು ಕೇಳಹೋಗಿ ಅವಳನ್ನು ನೋಯಿಸುವುದು ಬೇಡ. ಹೀಗೆ ಅಂದುಕೊಂಡು ಪೆಟ್ಟಿಗೆಯನ್ನು ಹಂಡೆಯ ಕೋಣೆಗೆ ಒಯ್ದಳು.

ಒಳಗೆ ದಾರದ ರೀಲುಗಳೇ ಗಾಲಿಯಾದ ಮರದ ಬಂಡಿ ಇತ್ತು. ಲಾಂಡ್ರಿಯಮ್ಮನ ಗಂಡ ತನ್ನ ಮಕ್ಕಳಿಗೆಂದು ಮಾಡಿದ್ದು. ದೊಡ್ಡವಳು ಪಿಟೀಲಿಗೆ ಹೆಣೆದ ಉಲ್ಲನ್ ಟೊಪ್ಪಿ ಇತ್ತು. ಕೊಡೆ ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿದ ಚೆಂಡೊಂದು ಹೊಸದು, ಈ ಮಗುವಿಗೆಂದೇ ಮಾಡಿದ್ದು. ತಳದಲ್ಲಿ ಸೊಟ್ಟಮೂತಿ. ಗಿರಾಕಿಗಳು ಬಿಟ್ಟುಹೋದ ಒಂಟಿ ಕಾಲುಚೀಲಕ್ಕೆ ಚಿಂದಿ ತುಂಬಿ, ಒಂದು ಕಣ್ಣಿಗೆ ಕೋಟಿನ ಗುಂಡಿ, ಇನ್ನೊಂದಕ್ಕೆ ಅಂಗಿಯ ಗುಂಡಿ ಹಾಕಿ, ಲಾಂಡ್ರಿಯಮ್ಮನೇ ಹಿಂದೊಮ್ಮೆ ಹೊಲಿದ ಗೊಂಬೆ. ಅವಸರದಲ್ಲಿ ಬಾಯಿ ಓರೆಯಾಗಿತ್ತು. ಅಕ್ಕತಂಗಿ ಇದಕ್ಕಾಗಿ ಜಡೆ ಹಿಡಿದು ಜಗಳವಾಡಿದ್ದರು. ಆಮೇಲೆ ಪಿಟೀಲಿನ ಪಾಲಾಯಿತು. ಈಗ ಬಣ್ಣಗೆಟ್ಟು, ಜಿಡ್ಡುಗಟ್ಟಿ, ಬಾಯ ಬಳಿ ಕೆಂಪು ಕಲೆ ಹಿಡಿದಿತ್ತು. ಲಾಂಡ್ರಿಯಮ್ಮ ಮೂಸಿದಳು. ಸಿರಪ್ಪು. ಕಾಯಿಲೆಯ ಗುರುತು ಯಾರಿಗೆ ಬೇಕು ಎಂದುಕೊಂಡಳು.

ಅವಳು ಅರೆಮನಸ್ಸಿನಿಂದ ಯಾವ ಕೆಲಸವನ್ನೂ ಮಾಡಿದವಳಲ್ಲ. ಬಂಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆದಳು. ಟೊಪ್ಪಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಂಡದೆ ಅದುಮಿ ತೆಗೆದಳು. ಸೊಟ್ಟಮೂತಿಯ ಬೆನ್ನಿನ ಹೊಲಿಗೆ ಬಿಚ್ಚಿ, ಒಳಗಿನ ಹಳೆ ಚಿಂದಿಯನ್ನು ಹಂಡೆಯ ಒಲೆಗೆ ತಳ್ಳಿ, ಬರೀ ಚೀಲವನ್ನು ಕುದಿಸಿದಳು. ಕಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪುಡಿ ಹಾಕಿ ಉಜ್ಜಿದಳು, ಬಿಸಿಲಿಗಿಟ್ಟಳು, ಮತ್ತೆ ಉಜ್ಜಿದಳು. ಕೊನೆಗೆ ಹೋಯಿತು. ತಾರಸಿಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿ, ಹೊಸ ಹತ್ತಿ ತುಂಬಿ ಹೊಲಿಯುವಾಗ, ಬಹಳ ದಿನಗಳ ನಂತರ ಒಂದು ಹಾಡು ಗುನುಗಿದಳು.

ದೊಡ್ಡವಳು ಎದ್ದು ಕೆಳಗೆ ಬಂದದ್ದು ಬಿಸಿಲು ಇಳಿದ ಮೇಲೆ. ಮೇಜಿನ ಬಲಗಡೆ ಎಲ್ಲವೂ ಸಾಲಾಗಿ ಜೋಡಿಸಿಟ್ಟಿತ್ತು.

ಅವಳು ಗೊಂಬೆಯನ್ನು ಎತ್ತಿಕೊಂಡಳು. "ಬಾಯಿ ಹತ್ರ ಕೆಂಪಗಿತ್ತಲ್ಲ?"

"ಹೋಯ್ತು ಕಣೇ. ಏನ್ ಹಟ ಮಾಡ್ತು ಅಂತೀಯ! ನಾನೂ ಬಿಡಲಿಲ್ಲ."

ದೊಡ್ಡವಳು ಗೊಂಬೆಯನ್ನು ಮುಖಕ್ಕೆ ಒತ್ತಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಬಂಡಿ, ಟೊಪ್ಪಿ, ಒಂದೊಂದನ್ನೇ ಮೂಗಿನ ಹತ್ತಿರ ಒಯ್ದಳು. ಎಲ್ಲದರಲ್ಲೂ ಬರೀ ಸೋಪಿನ ವಾಸನೆ.

"ಅದು ಅವಳು ಕುಡಿಸಿದ್ದು ಅಮ್ಮ."

"ಯಾರು?"

"ಪಿಟೀಲು. ಕೊನೇ ದಿನ. ಇವಳಿಗೂ ಜ್ವರ ಅಂತ, ಅರ್ಧ ತಾನು ಕುಡಿದು ಅರ್ಧ ಇವಳ ಬಾಯಿಗೆ ಹಾಕಿದ್ಲು. ಔಷಧಿ ದಂಡ ಮಾಡ್ತೀಯ ಅಂತ ನಾನು ಬೈದೆ." ಗೊಂಬೆಯ ಹೊಟ್ಟೆ ಅದುಮಿ ನೋಡಿ ಕೇಳಿದಳು, "ಒಳಗಿನ ಚಿಂದಿ?"

"ಹಳೇದಲ್ವಾ ತಾಯಿ... ಒಲೆಗೆ ಹಾಕ್ದೆ."

"ಒಗಿ ಅಂದ್ನಾ ನಾನು?"

"ನೀನು ಎಡಗಡೆ ಇಟ್ಟಿದ್ದೆ."

"ಮಗು ಎತ್ಕೊಳ್ಳೋಕೆ ಕೈ ಬೇಕಿತ್ತು ಅಂತ ಇಟ್ಟೆ. ಅಷ್ಟೇ."

ಹೇಳುತ್ತ ಹೇಳುತ್ತ ಅವಳ ಕಣ್ಣು ಮೆಟ್ಟಿಲಿನ ಕಡೆ ಹೋಯಿತು. ಅಲ್ಲಿ ಚಿಕ್ಕವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಿಳಿಚಿಕೊಂಡು ನಿಂತಿದ್ದಳು. ದೊಡ್ಡವಳು ಅವಳ ಮುಖವನ್ನೇ ನೋಡುತ್ತ ತಾಯಿಯನ್ನು ಕೇಳಿದಳು, "ಬರೀ ಅದಕ್ಕೇನಾ? ಇಲ್ಲ, ಸತ್ತ ಮಗು ಸಾಮಾನು, ರೋಗ ಇರುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಚಿಕ್ಕವಳ ತುಟಿ ಅಲ್ಲಾಡಿತು. ಲಾಂಡ್ರಿಯಮ್ಮ ಮುಂದೆ ಬಂದು ನಿಂತಳು. ಒಂದು ಮಾತು ಹೊರಬಿದ್ದರೆ ಅಕ್ಕತಂಗಿಯ ನಡುವೆ ಮತ್ತೆ ಹಾದಿ ಉಳಿಯುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ತಪ್ಪಿ ಒಗೆದೆ ಎಂದಷ್ಟೇ ಹೇಳಿದರೆ ಈ ಹುಡುಗಿ ನಂಬುವುದೂ ಇಲ್ಲ, ತಂಗಿಯ ಮುಖದಲ್ಲಿ ಅರ್ಧ ಓದಿಯಾಗಿದೆ.

"ಯಾರೂ ಹೇಳ್ಲಿಲ್ಲ," ಎಂದಳು. "ಇವಳು ಬೇಡ ಅಂದ್ಲು, ನಾನೇ ಕೇಳ್ಲಿಲ್ಲ. ನನಗೇ ಭಯ ಆಯ್ತು. ಎಳೇ ಕೂಸಿಗೆ ಏನಾದ್ರೂ ಅಂಟಿಕೊಂಡ್ರೆ ಅಂತ."

ದೊಡ್ಡವಳು ತಾಯಿಯನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ನಿನ್ನ ಮೊಮ್ಮಗಳು ಅಮ್ಮ ಅವಳು. ನಿನಗೇ ಅಸಹ್ಯ ಆಯ್ತಾ?"

ದೊಡ್ಡವಳು ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ತಂಗಿಯ ಕಾಲ ಬಳಿ ಇಟ್ಟಳು. "ತಗೋ. ಇನ್ನಿವು ಯಾರ ಮಗುವಿನದು ಬೇಕಾದ್ರೂ ಆಗಬಹುದು. ನಿಂದೇ ಆಗ್ಲಿ. ನೀನು ನಿನ್ನ ಮನೆಗೆ ಹೋದ್ಮೇಲೆ ಅಲ್ಲಿಗೆ ಬರ್ತೀನಿ. ಇಲ್ಲಿಗಲ್ಲ."

ಅವಳು ಹೋದ ಮೇಲೆ ಚಿಕ್ಕವಳು ಬಿಕ್ಕಿಬಿಕ್ಕಿ ಅತ್ತಳು. "ನಾನು ನಿಜ ಹೇಳಿಬಿಡ್ತೀನಿ ಅಮ್ಮ."

"ಹೇಳಿದ್ಯೋ, ನಾಲಿಗೆ ಸೀಳ್ತೀನಿ. ಅವಳಿಗೆ ಸಿಟ್ಟು ತೀರಿಸ್ಕೊಳ್ಳೋಕೆ ಒಬ್ರು ಬೇಕು. ನಾನಿರ್ತೀನಿ ಬಿಡು."

ಚಿಕ್ಕವಳು ತನ್ನ ಮನೆಗೆ ಹೋದಳು. ದೊಡ್ಡವಳು ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಬರುತ್ತಾಳೆ, ಮಗುವಿಗೆ ಅವಳೆಂದರೆ ಪ್ರಾಣ ಎಂಬ ಸುದ್ದಿಗಳು ಅಂಗಡಿಗೆ ಬರುತ್ತಿದ್ದವು. ಲಾಂಡ್ರಿಯಮ್ಮ ಕೇಳಿ ಹೂಂಗುಟ್ಟಿ ಬಟ್ಟೆಯ ಕಡೆ ತಿರುಗುತ್ತಿದ್ದಳು. ಮೊದಮೊದಲು ಬಸ್ಸಿನ ಸದ್ದಿಗೆ ಕತ್ತು ತಾನೇ ಎದ್ದುಬಿಡುತ್ತಿತ್ತು. ಕ್ರಮೇಣ ಅದೂ ನಿಂತಿತು.

ಮಗುವಿಗೆ ವರ್ಷ ತುಂಬಿದ ದಿನ ಒಂದು ಅಂಗಿ ಹೊಲಿದುಕೊಂಡು ಚಿಕ್ಕವಳ ಮನೆಗೆ ಹೊರಟಳು. ಮೇಲಿನ ಮಹಡಿಯ ಮನೆ. ಅರ್ಧ ಮೆಟ್ಟಿಲು ಹತ್ತಿದ್ದಳು, ತೆರೆದ ಬಾಗಿಲಿನಿಂದ ದೊಡ್ಡವಳ ದನಿ ಕೇಳಿಸಿತು. ಏನೋ ಕೀರಲು ದನಿ ಮಾಡಿ ಮಗುವನ್ನು ಆಡಿಸುತ್ತಿದ್ದಳು. ಮಗು ಕೇಕೆ ಹಾಕಿತು. ಚಿಕ್ಕವಳು, "ಸಾಕು ಅಕ್ಕ, ಬಿಕ್ಕಳಿಕೆ ಬರುತ್ತೆ ಅವನಿಗೆ" ಎಂದಳು. ಆಗ ದೊಡ್ಡವಳು ನಕ್ಕಳು. ಗಂಟಲು ತುಂಬ, ತಡೆಯಿಲ್ಲದೆ, ಹುಡುಗಿಯಾಗಿದ್ದಾಗ ನಗುತ್ತಿದ್ದಳಲ್ಲ, ಹಾಗೆ.

ಲಾಂಡ್ರಿಯಮ್ಮ ಗೋಡೆ ಹಿಡಿದುಕೊಂಡು ನಿಂತಳು. ತಾನು ಮೇಲೆ ಹತ್ತಿದರೆ ಆ ನಗು ನಿಲ್ಲುತ್ತದೆ. ಅಂಗಿಯನ್ನು ಕೆಳಗಿನ ಮನೆಯವರ ಕೈಗೆ ಕೊಟ್ಟು, "ಆಮೇಲೆ ಕೊಡಿ, ಈಗ ಬೇಡ" ಎಂದು ಹೇಳಿ, ಬೀದಿಗೆ ಇಳಿದಳು.