ತೆಲಸಂಗಕ್ಕೆ ಮರಳಿದ ವಯೋಲಿನ್

ಪುಣೆಯ ರಿಪೇರಿ ಅಂಗಡಿಯಲ್ಲಿ ಸಪನಾಳ ವಯೋಲಿನ್ ಬಿಚ್ಚಿದ ದಿನ ಅಂಗಡಿಯವರು ಅದನ್ನು ದೀಪದಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಮರಾಠಿಯಲ್ಲಿ ಹೇಳಿದರು: ಇದು ಇಟಲಿಯಲ್ಲಿ ಮಾಡಿದ್ದು, ಇನ್ನೂರು ವರ್ಷಕ್ಕೂ ಹಿಂದಿನದು, ಇಂಥದ್ದು ತಮ್ಮ ಕೈಗೆ ಬಂದದ್ದು ಇದೇ ಮೊದಲು.

ಸಪನಾಳಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಇಷ್ಟು ವರ್ಷ ಅದನ್ನು ಹೆಗಲಿಗೇರಿಸಿಕೊಂಡು ತುಂಬಿದ ಬಸ್ಸುಗಳಲ್ಲಿ ತಿರುಗಿದ್ದಳು. ಧಾರವಾಡದ ಆಕಾಶವಾಣಿ, ಮುಂಬೈ, ಕೋಲ್ಕತ್ತಾ, ಒಮ್ಮೆ ಪ್ಯಾರಿಸ್ಸು. ಎಲ್ಲೆಲ್ಲೂ ಜನ ಮೆಚ್ಚಿದ್ದು ಈ ಒಂದೇ ವಾದ್ಯದ ದನಿಯನ್ನು. ಆದರೆ ಕೊಟ್ಟವರಿಗೆ ತಾವೇನು ಕೊಟ್ಟೆವೆಂದು ಗೊತ್ತೇ ಇರಲಿಲ್ಲವಲ್ಲ!

ಕೊಟ್ಟವರು ತೆಲಸಂಗದ ಧರೆಪ್ಪಜ್ಜ. ದ್ರಾಕ್ಷಿ ತೋಟದ ಯಜಮಾನರು, ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ ನುಡಿಸಿದವರು. ಸಪನಾಳ ಅಪ್ಪ ಭರಮು ಆಗ ಆ ಊರಿನ ಲೈನ್‌ಮನ್. ಅಜ್ಜನ ಮನೆಯ ಮುಂದಿನ ವಿದ್ಯುತ್ ಕಂಬದ ಕೆಲಸಕ್ಕೆ ಹೋದವನು ಶಾಲೆ ಸೂಟಿಯಿದ್ದ ಮಗಳನ್ನೂ ಕರೆದೊಯ್ದಿದ್ದ. ಪಡಸಾಲೆಯಲ್ಲಿ ಅಜ್ಜ ನುಡಿಸುತ್ತಿದ್ದ ಸ್ವರವನ್ನು ಅಂಗಳದಲ್ಲಿ ನಿಂತ ಹುಡುಗಿ ಹಾಗೆಯೇ ಗುನುಗಿದಳು.

"ಯಾರವ್ವಾ ಅದು? ಮ್ಯಾಲ ಬಾ," ಎಂದರು ಅಜ್ಜ.

ಭರಮು ಹಿಂದೆಮುಂದೆ ನೋಡಿದ. ತನ್ನ ಕೇರಿಯವರು ಯಾರೂ ಆ ಪಡಸಾಲೆ ಹತ್ತಿದ್ದಿರಲಿಲ್ಲ. ಅಷ್ಟರಲ್ಲಿ ಅಜ್ಜನ ಸೊಸೆ ಚನ್ನವ್ವ ಹೊರಗೆ ಬಂದು, ಹುಡುಗಿಯ ಕೈ ಹಿಡಿದು ತಾನೇ ಮೇಲೆ ಕರೆದುಕೊಂಡಳು. ಅಂದಿನಿಂದ ಪ್ರತಿ ಭಾನುವಾರ ಪಾಠ ನಡೆಯಿತು. ಬೆರಳು ಸೆಟೆದು ತಮಗೆ ನುಡಿಸಲಾಗದಂತಾದಾಗ ಅಜ್ಜ ಆ ವಯೋಲಿನ್ನನ್ನು ಸಪನಾಳ ಮಡಿಲಲ್ಲಿಟ್ಟರು. ಈಗ ಅಜ್ಜ ಇಲ್ಲ.

ರಿಪೇರಿ ಮುಗಿದೊಡನೆ ಸಪನಾ ಪುಣೆಯಿಂದ ಮನೆಗೂ ಹೋಗದೆ ನೇರ ತೆಲಸಂಗಕ್ಕೆ ಬಂದಳು. ಚನ್ನವ್ವ ಶೆಡ್ಡಿನಲ್ಲಿ ಕೂಲಿ ಹೆಣ್ಣುಮಕ್ಕಳ ಜೊತೆ ಒಣದ್ರಾಕ್ಷಿ ಆರಿಸುತ್ತ ಕುಳಿತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸಪನಾ ಕುಳಿತವಳೇ ಎಲ್ಲವನ್ನೂ ಹೇಳಿ ಪೆಟ್ಟಿಗೆಯನ್ನು ಅವಳ ಮುಂದೆ ಸರಿಸಿದಳು.

"ಅವ್ವಾರ, ಇದು ನಿಮ್ಮ ಮನಿತನದ ಆಸ್ತಿರಿ. ಅಜ್ಜಾರು ಗೊತ್ತಿಲ್ಲದ ಕೊಟ್ಟಾರ. ನಾ ಹೆಂಗ ಇಟ್ಕೊಳ್ಳಲಿ?"

ಚನ್ನವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಬಿಚ್ಚಿ ನೋಡಿದ ಮ್ಯಾಲ ಇದರ ದನಿ ಏನರ ಬದಲಾಗೇತೇನು?"

"ಇಲ್ರಿ."

"ಮತ್ತ? ಕೇಳಿಲ್ಲಿ ಮಗಳ. ನಮ್ಮತ್ತಿ ಹ್ವಾದ ಮ್ಯಾಲ ಮಾಂವಾರು ಮಾತ ಬಿಟ್ಟಿದ್ರು. ಈ ವಾದ್ಯದ ಜೋಡಿ ಬಿಟ್ರ ಯಾರ ಜೋಡಿನೂ ಇಲ್ಲ. ಉಣ್ಣಾಕ ಕರದ್ರ ಗ್ವಾಡಿ ಕಡೆ ಮುಖ ತಿರುವತಿದ್ರು. ನೀ ಬರಾಕತ್ತಿದ ಮ್ಯಾಲ ಶನಿವಾರನ ಗಡ್ಡ ಮಾಡ್ಕೊಂಡ ಕುಂಡ್ರತಿದ್ರು. 'ನಾಳಿ ಪೋರಿ ಬರತೈತಿ, ಚುರಮುರಿ ಒಗ್ಗರಣಿ ಹಾಕು' ಅಂತಿದ್ರು. ನಾವು ನಿನಗ ಕಟಗಿ ಕೊಟ್ಟೀವಿ. ನೀ ನಮ್ಮ ಮನಿ ಹಿರಿಯಾನ್ನ ನಮಗ ತಿರುಗಿ ಕೊಟ್ಟಿ."

ಸಪನಾ ಇಷ್ಟು ವರ್ಷ ಆ ಮನೆಯಿಂದ ಪಡೆದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಆದರೂ ಅನುಮಾನದಿಂದ, ತಕ್ಕಡಿಯ ಹತ್ತಿರ ನಿಂತಿದ್ದ ಚನ್ನವ್ವನ ಮಗ ದುಂಡೇಶನ ಕಡೆ ನೋಡಿದಳು.

"ನನ್ನ ಯಾಕ ನೋಡ್ತೀರಿ ಅಕ್ಕಾರ?" ಎಂದು ಅವನು ನಕ್ಕ. "ನಮ್ಮನ್ಯಾಗ ಇಟ್ರ ತಿಜೋರಿ ಮ್ಯಾಲ ಧೂಳ ತಿನ್ನತೈತಿ. ರೇಡಿಯೋದಾಗ ನಿಮ್ಮ ಹೆಸರ ಬಂದಾಗೊಮ್ಮೆ 'ನಮ್ಮಜ್ಜನ ವಾಯಲಿನ್ ಅದು' ಅಂತ ಊರೆಲ್ಲಾ ಹೇಳ್ಕೊಂಡ ಅಡ್ಡಾಡ್ತೀನಿ. ಅಷ್ಟ ಸಾಕ್ರಿ."

ಚನ್ನವ್ವ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿದಳು. "ಇಷ್ಟ ದೂರ ಬಂದೀದಿ, ಸುಮ್ನ ಹೊಕ್ಕೀಯೇನು? ಬಾರಸು."

ಸಪನಾ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಶ್ರುತಿ ಕೂಡಿಸಿಕೊಂಡಳು. ಮಧ್ಯಾಹ್ನದ ಹೊತ್ತು, ಆ ಹೊತ್ತಿನ ರಾಗ ಭೀಮಪಲಾಸ್ ತೆಗೆದಳು. ನುಡಿಸುತ್ತ ಹೋದಂತೆ ಯಾವ ಸಭೆಯಲ್ಲೂ ಬಾರದ ಒಂದು ನೆಮ್ಮದಿ ಕೈಗೆ ಬಂತು. ದ್ರಾಕ್ಷಿ ಆರಿಸುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಚನ್ನವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಜಲ ಎಂಬ ಕೂಲಿಯ ಹೆಣ್ಣುಮಗಳು ಬುಟ್ಟಿಯಿಂದ ಹಸಿರು ಒಣದ್ರಾಕ್ಷಿ ಮುಷ್ಟಿ ತುಂಬ ತೆಗೆದು ಸಪನಾಳ ಕೈಗೆ ಸುರಿದಳು.

"ಇನ್ನೊಂದ ಬಾರಸು," ಎಂದಳು ಚನ್ನವ್ವ, ಕಣ್ಣು ತೆರೆಯದೆ. "ರೊಟ್ಟಿ ಆಮ್ಯಾಲ ಬಡಿಯೂಣು."