ಹನ್ನೊಂದನೆಯ ಖಾಲಿ ಮನೆ

ಚಳಿ ಹಿಂದೆ ಸರಿದು ಬಿಸಿಲಿನ್ನೂ ಬಲಿಯದ ದಿನಗಳು. ಕಿಟಕಿಯಾಚೆ ಮರ ಒಂದೊಂದೇ ಎಲೆ ಉದುರಿಸುತ್ತಿತ್ತು. ತಾಲೀಮು ಸಭಾಂಗಣದ ಹಿಂದಿನ ಕೋಣೆಯಲ್ಲಿ ಕಾಗದದಕ್ಕ ಬೆಳಗಿನಿಂದ ತಲೆ ಎತ್ತಿರಲಿಲ್ಲ. ಕಿವಿಗೆ ಹೆಡ್‌ಫೋನ್, ಎಡಗೈ ಕಂಪ್ಯೂಟರಿನ ಮೇಲೆ, ಬಲಗೈಯಲ್ಲಿ ಪೆನ್ಸಿಲ್. ಸಿನಿಮಾವನ್ನು ನಾಲ್ಕು ಹೆಜ್ಜೆ ಓಡಿಸುವುದು, ನಿಲ್ಲಿಸುವುದು, ಹಿಂದಕ್ಕೆಳೆದು ಮತ್ತೆ ಕೇಳುವುದು, ಕೇಳಿದ್ದನ್ನು ಐದು ಗೆರೆಗಳ ಮೇಲೆ ಒಂದೊಂದಾಗಿ ಊರುವುದು. ಬೀಜ ಊರುವ ಹೆಂಗಸಿಗಿರುವಂಥ ಬಾಗಿದ ಬೆನ್ನು ಅವಳಿಗೂ ಬಂದಿತ್ತು. ನಲವತ್ತು ವರ್ಷದಿಂದ ವಾದ್ಯಗಾರರಿಗೆ ಹಾಳೆ ಬರೆದು ಕೊಡುತ್ತ ಬಂದವಳು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಈ ಸಲದ ಕೆಲಸ ಹೇಳುವುದಕ್ಕೆ ಸುಲಭ. ನಲವತ್ತು ವರ್ಷದ ಹಿಂದಿನ ಒಂದು ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು. ಮಾತು ಮಾತ್ರ ಸಿನಿಮಾದ್ದು, ಸಂಗೀತ ಪರದೆಯ ಕೆಳಗೆ ಕೂತ ಅರವತ್ತು ಮಂದಿಯದು. ಆದರೆ ಸಂಗೀತ ಬರೆದ ದೊಡ್ಡ ಮೇಷ್ಟ್ರು ತೀರಿಕೊಂಡಿದ್ದರು, ಅವರ ಮೂಲಪ್ರತಿ ಗೆದ್ದಲಿನ ಪಾಲಾಗಿತ್ತು. ಕಿವಿಯೇ ಗತಿ. ಅದೂ ಕೇಳಿದಂತೆಯೇ ಬರೆದಿಟ್ಟರೆ ಆಗುವುದಿಲ್ಲ. ಸ್ಟುಡಿಯೋದಲ್ಲಿ ಕೊಳಲಿನ ಬಾಯಿಗೇ ಮೈಕು ಹಿಡಿದಿದ್ದರು, ಒಂದು ಕೊಳಲು ಇಪ್ಪತ್ತು ಪಿಟೀಲುಗಳ ಮೇಲೆ ತೇಲುತ್ತಿತ್ತು. ಸಭಾಂಗಣದಲ್ಲಿ ಅದೇ ಇಪ್ಪತ್ತು ಪಿಟೀಲು ಕೊಳಲನ್ನು ನುಂಗಿ ನೀರು ಕುಡಿಯುತ್ತವೆ. ಒತ್ತಾಗಿ ಬೆಳೆದ ಪೈರನ್ನು ಅಲ್ಲಲ್ಲಿ ಕಿತ್ತಂತೆ ಪಿಟೀಲುಗಳನ್ನು ಕಿತ್ತು ಕೊಳಲಿಗೆ ಗಾಳಿಯಾಡಿಸಬೇಕು. ಊದುವವರಿಗೆ ಉಸಿರೆಳೆಯಲು, ಹಾಳೆ ತಿರುವಲು ಜಾಗ ಮಾಡಿಕೊಡಬೇಕು.

ಬಾಗಿಲು ತಳ್ಳಿಕೊಂಡು ಬಂದವನು ಕಂಡಕ್ಟರ್, ಕೋಲು ಹಿಡಿದು ಅರವತ್ತು ಮಂದಿಗೂ ತಾಳ ತೋರಿಸುವವನು. ಕೈಯಲ್ಲೊಂದು ಧೂಳು ಹಿಡಿದ ಕಟ್ಟಿತ್ತು.

"ಎಲ್ಲಿಗೆ ಟಿಕೆಟ್ಟು?" ಎಂದಳು ಕಾಗದದಕ್ಕ, ಹೆಡ್‌ಫೋನ್ ತೆಗೆಯುತ್ತ.

"ಹತ್ತು ವರ್ಷದಿಂದ ಇದೇ ಜೋಕು ಅಕ್ಕ. ಒಂದು ಸಲಾನಾದ್ರೂ ಹೊಸದು ಹೇಳಿ." ಅವನು ಕಟ್ಟನ್ನು ಮೇಜಿನ ಮೇಲೆ ಇಳಿಸಿದ. "ಸಿನಿಮಾದವರ ಉಗ್ರಾಣದಲ್ಲಿ ಸಿಕ್ತು. ವಾದ್ಯಗಾರರ ಹಳೇ ಹಾಳೆ. ಎಲ್ಲ ನಿಮ್ಮ ಕೈಬರಹಾನೇ ಅನ್ಸುತ್ತೆ. ಆ ಅಂಗಿ ಸೀನಿನ ಹಾಳೇನೂ ಇದೆ."

ಅಂಗಿ ಸೀನು ಎಂದರೆ ಸಾಕು, ಆ ಸಿನಿಮಾ ನೋಡಿದವರಿಗೆ ಗೊತ್ತು. ಗಂಡ ಇನ್ನು ಬರುವುದಿಲ್ಲ ಎಂದು ತಿಳಿದ ಹೆಂಗಸು ಗೂಟದಲ್ಲಿದ್ದ ಅವನ ಅಂಗಿಯತ್ತ ಕೈ ಚಾಚುತ್ತಾಳೆ. ಕೈ ಅಂಗಿಯನ್ನು ಮುಟ್ಟುವ ಮೊದಲೇ ಕೊಳಲು ಶುರುವಾಗಿಬಿಡುತ್ತದೆ. ಅವಳಿಗಿಂತ ಮೊದಲು ಕೊಳಲೇ ಅತ್ತುಬಿಡುತ್ತೆ ಎಂದು ಜನ ಹೇಳಿ ಹೇಳಿ ಅತ್ತಿದ್ದರು.

ಕೊಳಲು ಹಾಗೆ ಮೊದಲೇ ಬಂದದ್ದು ತಪ್ಪಿನಿಂದ ಎಂದು ಗೊತ್ತಿದ್ದವರು ಅಂದು ಸ್ಟುಡಿಯೋದಲ್ಲಿದ್ದ ಮೂವತ್ತು ಚಿಲ್ಲರೆ ಜನ. ಆ ಕೊಳಲು ಕಾಗದದಕ್ಕನ ಸ್ವಂತ ಅಣ್ಣನದು.

ತಾಳದ ಒಂದು ಸುತ್ತಿಗೆ ಇವರು ಮನೆ ಎನ್ನುತ್ತಾರೆ. ನುಡಿಸದೆ ಎಣಿಸುತ್ತ ಕೂರಬೇಕಾದದ್ದು ಖಾಲಿ ಮನೆ. ಅಂದು ಅಣ್ಣ ಒಂದು ಮನೆ ಮೊದಲೇ ಊದಿಬಿಟ್ಟ. ಇನ್ನೊಮ್ಮೆ ನುಡಿಸಲು ಸ್ಟುಡಿಯೋದ ಹೊತ್ತು ಮುಗಿದಿತ್ತು, ಹಾಗೇ ಉಳಿಯಿತು. ದೊಡ್ಡ ಮೇಷ್ಟ್ರು ಎಲ್ಲರೆದುರು, "ಎಣಿಸೋಕೆ ಬರದವನಿಗೆ ಕೊಳಲು ಯಾಕೋ? ಕುರಿ ಕಾಯೋಕೆ ಹೋಗು, ಅಲ್ಲೂ ಎಣಿಸ್ಬೇಕು ನೋಡ್ಕೊ" ಎಂದರು. ಯಾರೋ ನಕ್ಕರು. ಮತ್ತೆ ಯಾವ ಸ್ಟುಡಿಯೋದಿಂದಲೂ ಅವನಿಗೆ ಕರೆ ಬರಲಿಲ್ಲ. ಧಾನ್ಯದ ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ ಸಿಕ್ಕಿತು. ಮೂವತ್ತು ವರ್ಷ ಎಣಿಸಿದ. ಒಂದು ಚೀಲವೂ ತಪ್ಪಲಿಲ್ಲ.

ಕಂಡಕ್ಟರ್ ಹೋದ ಮೇಲೆ ಅವಳು ಕಟ್ಟು ಬಿಚ್ಚಿದಳು. ಹತ್ತೊಂಬತ್ತರ ಹುಡುಗಿಯ ದುಂಡಗಿನ ಬರಹ. ಕೊಳಲಿನ ಹಾಳೆಯಲ್ಲಿ ಅಂಗಿ ಸೀನಿಗೆ ಹತ್ತು ಖಾಲಿ ಮನೆ. ಪಿಟೀಲಿನ ಹಾಳೆ ತೆಗೆದಳು, ಅದೇ ಜಾಗದಲ್ಲಿ ಕೊಳಲು ಬರುವ ತನಕ ನುಡಿಸುವ ಮನೆಗಳು. ಹನ್ನೊಂದು. ಚೆಲ್ಲೋ ವಾದ್ಯದ ಹಾಳೆ. ಹನ್ನೊಂದು. ಕೊಳಲಿನ ಹಾಳೆಗೆ ಮರಳಿದಳು. ಅಲ್ಲಿ ಸಾಲು ಮುಗಿದು ಹೊಸ ಸಾಲು ಶುರುವಾಗುತ್ತಿತ್ತು. ಸಾಲಿನಿಂದ ಸಾಲಿಗೆ ಕಣ್ಣು ದಾಟುವಾಗ ಅವಳು ಒಂದು ಮನೆ ಬಿಟ್ಟಿದ್ದಳು. ಅದರ ಕೆಳಗೆ ಅಣ್ಣನ ಪೆನ್ಸಿಲ್ಲಿನ ಗೀಟುಗಳು, ಲೆಕ್ಕವಾಗಿ ಹತ್ತು. ಪಕ್ಕದಲ್ಲಿ ಆಮೇಲೆ ಬರೆದು ರಬ್ಬರಿನಿಂದ ಉಜ್ಜಿದ ಒಂದು ಅಂಕಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೊಂದು.

ಅವನಿಗೆ ಅಂದೇ ಗೊತ್ತಾಗಿತ್ತು. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗದ ತಂಗಿಯ ತಪ್ಪನ್ನು ಅವನು ಹೊಟ್ಟೆಗೆ ಹಾಕಿಕೊಂಡಿದ್ದ. ಅವಳೋ, "ಎಣಿಸ್ಬೇಕಿತ್ತಣ್ಣ, ಮೈಮರೆತ್ರೆ ಹೇಗೆ?" ಎಂದು ಎಷ್ಟು ಸಲ ಚುಚ್ಚಿದ್ದಳೋ.

ಹಾಳೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಆ ಮಧ್ಯಾಹ್ನವೇ ಅಣ್ಣನ ಮನೆಗೆ ಹೋದಳು. ಎರಡು ವರ್ಷದಿಂದ ಅವನ ನೆನಪು ಸವೆಯುತ್ತ ಬಂದಿತ್ತು. ಪೂರ್ತಿ ಸವೆಯುವ ಮೊದಲು ಒಂದೇ ಒಂದು ಮಾತು ಹೇಳಬೇಕಿತ್ತು.

ಅಣ್ಣ ಅಂಗಳದಲ್ಲಿ ಬಟ್ಟೆಯ ಕ್ಲಿಪ್ಪುಗಳನ್ನು ಎಣಿಸುತ್ತಿದ್ದ.

"ಬೆಳಗಿಂದ ಏಳನೇ ಸಲ," ಎಂದಳು ಅತ್ತಿಗೆ, ಒಗೆದ ಬಟ್ಟೆ ಕೊಡವುತ್ತ. "ನಾನು ಒಂದು ತಗೊಂಡ್ರೆ ಹಿಂದೇನೇ ಬಂದು ವಾಪಸ್ ಕಿತ್ಕೋತಾರೆ. ಹಿಂಗಾದ್ರೆ ಬಟ್ಟೆ ಒಣಗಿದ ಹಾಗೇ."

ಕಾಗದದಕ್ಕ ಅಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಳೆ ಹಿಡಿದಳು. "ಅಣ್ಣ, ಇಲ್ನೋಡು. ನಾನೇ ಒಂದು ಮನೆ ಬಿಟ್ಟಿದ್ದೆ. ನೀನು ಸರಿಯಾಗೇ ಎಣಿಸಿದ್ದೆ."

ಅವನು ಹಾಳೆಯನ್ನು ದೂರ ಹಿಡಿದು, ಹತ್ತಿರ ತಂದು ನೋಡಿದ. ಮುಖ ಅರಳಿತು. "ನನ್ನ ತಂಗಿ ಬರೆದಿದ್ದು. ಅಕ್ಷರ ಹೆಂಗಿದೆ ನೋಡಿ! ಅವಳು ಒಂದು ಮನೇನೂ ಬಿಡೋಳಲ್ಲ."

"ಬಿಟ್ಟಿದೀನಿ ಅಣ್ಣ. ಇಲ್ಲಿ."

"ಇಲ್ಲಮ್ಮ, ತಪ್ಪಿದ್ದು ನಾನು. ಹತ್ತಕ್ಕೇ ಊದ್‌ಬಿಟ್ಟೆ." ಹಾಳೆಯನ್ನು ಮರ್ಯಾದೆಯಿಂದ ಹಿಂದಿರುಗಿಸಿ ಕ್ಲಿಪ್ಪುಗಳತ್ತ ತಿರುಗಿದ.

ಅತ್ತಿಗೆ ಬಂದು ಪಕ್ಕದಲ್ಲಿ ನಿಂತಳು. ಹಾಳೆ ಏನೆಂದು ಕೇಳಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಮದುವೆಯಾದ ವರ್ಷಾನೇ ಹೇಳಿದ್ರು. ತಂಗಿಗೆ ಗೊತ್ತಾದ್ರೆ ಇನ್ನು ಪೆನ್ನು ಮುಟ್ಟಲ್ಲ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಈಗ ನೋಡು, ನಿಜ ಮರೆತುಹೋಗಿದೆ. ಎಲ್ಲರಿಗೂ ಹೇಳಿದ ಸುಳ್ಳು ಮಾತ್ರ ಉಳ್ಕೊಂಡಿದೆ."

ಮಾರನೆಯ ವಾರ ಕಂಡಕ್ಟರ್ ಕೇಳಿದ, "ಅಂಗಿ ಸೀನಿಗೆ ಎಷ್ಟು ಖಾಲಿ ಮನೆ ಅಕ್ಕ? ಹಳೇ ಹಾಳೆಗಳಲ್ಲಿ ಎರಡೂ ಇದೆ. ಹತ್ತೋ, ಹನ್ನೊಂದೋ?"

"ಹತ್ತು. ಜನ ಕೇಳೋಕೆ ಬರೋದು ಅದನ್ನೇ."

ಹತ್ತು ಎಂದೇ ಬರೆದಳು. ಅದರ ಮೇಲೆ, ಅರವತ್ತು ಮಂದಿಯ ಹಾಳೆಯಲ್ಲೂ, ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದಳು: ಇಲ್ಲಿ ಕೊಳಲು ಮೊದಲು ಬರುವುದು ಹಾಳೆ ಬರೆದವಳ ತಪ್ಪಿನಿಂದ. ಕೊಳಲಿನವರು ಸರಿಯಾಗಿ ಎಣಿಸಿದ್ದರು.

"ಇದು ಬೇಕಾ ಅಕ್ಕ?" ಎಂದು ಕಂಡಕ್ಟರ್ ಮೆಲ್ಲಗೆ ಕೇಳಿದ.

"ನಮ್ಮಣ್ಣ ಮೂವತ್ತು ಜನರ ಮುಂದೆ ಅನ್ನಿಸ್ಕೊಂಡಿದಾನೆ. ಅರವತ್ತು ಜನ ಓದಲಿ."

ಕೊನೆಯ ತಾಲೀಮಿಗೆ ಅಣ್ಣನನ್ನೂ ಕರೆತಂದಳು. ಮಾತು ಹೋಗದ ಕಡೆ ಕೊಳಲು ಹೋದರೂ ಹೋದೀತು ಎಂಬ ಆಸೆ. ಮೂರನೆಯ ಸಾಲಿನಲ್ಲಿ ಅವನನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ದೀಪ ಆರಿತು. ಪರದೆಯ ಮೇಲೆ ಆ ಹೆಂಗಸು ಗೂಟದತ್ತ ನಡೆದಳು, ಪಿಟೀಲುಗಳು ಸಣ್ಣಗೆ ಹರಿದವು. ಅಣ್ಣನ ಬೆರಳುಗಳು ತೊಡೆಯ ಮೇಲೆ ಮಡಚತೊಡಗಿದವು. ಕಾಗದದಕ್ಕ ಆ ಬೆರಳುಗಳನ್ನೇ ನೋಡಿದಳು. ಎಂಟು. ಒಂಬತ್ತು. ಹತ್ತು.

ಕೊಳಲು ಬಂತು. ಕೊಳಲಿನ ಹುಡುಗಿ ಚೆನ್ನಾಗಿ ಊದಿದಳು; ತೆಳುಮಾಡಿದ ಪಿಟೀಲುಗಳ ನಡುವೆ ಅದು ಒಂಟಿಯಾಗಿ ಮೇಲೆದ್ದಿತು. ಹತ್ತು ಬೆರಳೂ ಮಡಚಿ ಮುಗಿದಿದ್ದವು, ಹನ್ನೊಂದನೆಯದಕ್ಕೆಂದು ಅಣ್ಣ ಹೆಬ್ಬೆರಳನ್ನು ಮತ್ತೆ ಬಿಡಿಸುತ್ತಿದ್ದ. ಅವನು ಎದ್ದು ನಿಂತ.

"ತಪ್ಪಾಯ್ತು ಸಾರ್," ಎಂದ ಗಟ್ಟಿಯಾಗಿ. "ಹಾಳೆ ಸರಿಯಾಗಿದೆ. ಎಣಿಸಿದ್ದು ನಾನೇ ತಪ್ಪು."

ಕಂಡಕ್ಟರನ ಕೋಲು ನಿಂತಿತು. ವಾದ್ಯಗಳು ಒಂದೊಂದಾಗಿ ಸುಮ್ಮನಾದವು. ಪರದೆಯ ಮೇಲೆ ಹೆಂಗಸೊಬ್ಬಳೇ ಸದ್ದಿಲ್ಲದೆ ಅಂಗಿ ಮಡಚುತ್ತಿದ್ದಳು. ಕೊಳಲಿನ ಹುಡುಗಿ ತನ್ನ ಹಾಳೆಯ ಮೇಲಿನ ಸಣ್ಣ ಸಾಲನ್ನು ನೋಡಿದಳು, ಮುದುಕನನ್ನು ನೋಡಿದಳು, ಕೊಳಲನ್ನು ಮಡಿಲಲ್ಲಿಟ್ಟು ಎದ್ದು ನಿಂತಳು. ಹಿಂದಿನ ಸಾಲಿನ ಒಬ್ಬಿಬ್ಬರೂ ಎದ್ದರು.

"ಇಲ್ಲ ಯಜಮಾನ್ರೆ," ಎಂದ ಕಂಡಕ್ಟರ್. "ನಿಮ್ಮ ಲೆಕ್ಕ ಸರಿಯಾಗೇ ಇತ್ತು."

ಅಣ್ಣ ಬೈಗುಳಕ್ಕೆ ಕಾಯುವವನಂತೆ ಇನ್ನೂ ಸ್ವಲ್ಪ ಹೊತ್ತು ನಿಂತ. ಬೈಗುಳ ಬರಲಿಲ್ಲ. ಕಾಗದದಕ್ಕ ಅವನ ಕೈ ಹಿಡಿದು ಕೂರಿಸಿದಳು. ಅವನು ಅವಳ ಕಡೆ ಬಾಗಿದ. ಎಷ್ಟೋ ತಿಂಗಳ ಮೇಲೆ ಅವಳನ್ನು ಗುರುತು ಹಿಡಿದ ಕಣ್ಣು.

"ಮೇಷ್ಟ್ರು ನಿನಗೇನೂ ಅನ್ನಲಿಲ್ಲ ತಾನೆ?" ಎಂದು ಪಿಸುಗುಟ್ಟಿದ.

"ಇಲ್ಲಣ್ಣ. ನನಗೆ ಯಾರೂ ಏನೂ ಅನ್ನಲಿಲ್ಲ."

"ಸದ್ಯ," ಎಂದ ಅಣ್ಣ.

ಕಂಡಕ್ಟರ್ ಕೋಲೆತ್ತಿದ. ಸೀನು ಮತ್ತೆ ಮೊದಲಿನಿಂದ ಓಡಿತು. ಅಣ್ಣ ತೊಡೆಯ ಮೇಲೆ ಬೆರಳು ಮಡಚತೊಡಗಿದ.